ಬೈಕಿನಲ್ಲಿ ಒಮಾನ್: ಹೊರಡುವ ಮುನ್ನ ಮನೆಯಲ್ಲಿ ಆಗಬೇಕಾದ ಕೆಲಸ

ಕಾಸರಗೋಡಿನ ಕನ್ನಡ ಮನೆಗಳಿಗೆ ಕೊಲ್ಲಿ ರಾಷ್ಟ್ರಗಳು ಅಪರಿಚಿತವಲ್ಲ. ಕುಟುಂಬದ ಮಗನೋ ಅಳಿಯನೋ ಮಸ್ಕತ್, ದುಬೈ, ದೋಹಾಗಳಲ್ಲಿ ದುಡಿದು ಬಂದಿರುತ್ತಾನೆ, ಇಲ್ಲವೇ ಇಂದಿಗೂ ಅಲ್ಲಿಯೇ ಇರುತ್ತಾನೆ. ಇಷ್ಟು ವರ್ಷ ಆ ನಾಡು ನಮಗೆ ಸಂಪಾದನೆಯ ನೆಲವಾಗಿತ್ತು. ನೋಡಿ ಬರಬೇಕಾದ ನೆಲವೆಂದು ಯಾರೂ ಭಾವಿಸಿರಲಿಲ್ಲ. ಈಗ ಈ ದೃಷ್ಟಿ ಬದಲಾಗುತ್ತಿದೆ. ಮರಳುದಿಬ್ಬಗಳ ನಡುವೆ ಬೈಕ್ ಓಡಿಸುವವರ ದೃಶ್ಯಗಳನ್ನು ಮೊಬೈಲ್‌ನಲ್ಲಿ ಕಂಡ ತರುಣರು "ನಾವೂ ಒಮ್ಮೆ ಹೋಗಿ ಬರುತ್ತೇವೆ" ಎನ್ನುತ್ತಿದ್ದಾರೆ. ತಾಯ್ತಂದೆಯರು ಸಹಜವಾಗಿಯೇ "ಬೇಡ" ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಸಾಮಾನ್ಯವಾಗಿ ಮತ್ತೇನೂ ಇರುವುದಿಲ್ಲ. ಅಲ್ಲಿ ಒಂದು ಲಿಖಿತ ಯೋಜನೆ ಇರಬೇಕು ಎಂಬುದೇ ಈ ಲೇಖನದ ತಾತ್ಪರ್ಯ.

ನನ್ನ ಅಕ್ಕನ ಮನೆಯಲ್ಲಿಯೂ ಇದೇ ಚರ್ಚೆ ನಡೆಯಿತು. ಆಕೆಯ ಒಬ್ಬನೇ ಮಗನಿಗೆ ಇಪ್ಪತ್ತನಾಲ್ಕು ವರ್ಷ. ನನ್ನ ಸಹಪಾಠಿಯೊಬ್ಬ ಮಸ್ಕತ್‌ನಲ್ಲಿ ನೆಲೆಸಿದ್ದಾನೆ. ಮುಂಬರುವ ಕ್ರಿಸ್‌ಮಸ್ ರಜೆಯಲ್ಲಿ ನಾವು ಮೂವರೂ ಮಸ್ಕತ್‌ನಿಂದ ಸಲಾಲಕ್ಕೆ ಬೈಕಿನಲ್ಲಿ ಹೋಗಿ ಬರೋಣ ಎಂಬುದು ಹುಡುಗನ ಪ್ರಸ್ತಾಪ. ಅಕ್ಕ ನನ್ನನ್ನು ಕರೆಸಿ, "ತಮ್ಮಾ, ನೀನು ಜೊತೆಗಿದ್ದರೆ ನಾನು ತಡೆಯುವುದಿಲ್ಲ. ಆದರೆ ರಾತ್ರಿ ಎಲ್ಲಿ ಮಲಗುತ್ತೀರಿ, ನೀರು ಎಲ್ಲಿ ಸಿಗುತ್ತದೆ, ಏನಾದರೂ ಆದರೆ ನಾನು ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಬರೆದು ಕೊಡು" ಎಂದಳು. ವಕೀಲನಾದ ನನಗೆ ಇದಕ್ಕಿಂತ ನ್ಯಾಯವಾದ ಷರತ್ತು ತೋಚಲಿಲ್ಲ. ಆ ಬರಹಕ್ಕಾಗಿ ಕಲೆಹಾಕಿದ ಸಂಗತಿಗಳಲ್ಲಿ ಇತರ ಕುಟುಂಬಗಳಿಗೂ ಉಪಯೋಗವಾಗುವಂಥವನ್ನು ಇಲ್ಲಿ ನಿರೂಪಿಸಿದ್ದೇನೆ.

ದೂರದ ಅಂದಾಜು

ಒಮಾನಿನ ವಿಸ್ತೀರ್ಣ ಸುಮಾರು 3,09,500 ಚದರ ಕಿಲೋಮೀಟರ್. ಅಂದರೆ ಕೇರಳದ ಎಂಟು ಪಟ್ಟು. ಜನಸಂಖ್ಯೆಯಾದರೋ ಸುಮಾರು 50 ಲಕ್ಷ. ಕೇರಳದ ಏಳನೆಯ ಒಂದು ಭಾಗದಷ್ಟು. ಆ ಜನರಲ್ಲಿಯೂ ಹೆಚ್ಚಿನವರು ಉತ್ತರದ ಕರಾವಳಿಯಲ್ಲಿ ನೆಲೆಸಿದ್ದಾರೆ. ದೇಶದ ನಡುಭಾಗ ಬಹುಮಟ್ಟಿಗೆ ಕಲ್ಲು, ಜಲ್ಲಿ, ಮರಳುಗಳ ಬಯಲು.

ಮಸ್ಕತ್‌ನಿಂದ ದಕ್ಷಿಣದ ಸಲಾಲಕ್ಕೆ ಒಳನಾಡಿನ ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ಇದನ್ನು ನಾವು ಮೂರು ದಿನಗಳಿಗೆ ಹಂಚಿಕೊಂಡಿದ್ದೇವೆ. ಮೊದಲ ದಿನ ಪರ್ವತಗಳನ್ನು ದಾಟಿ ನಿಜ್ವಾ, ಸುಮಾರು 160 ಕಿಲೋಮೀಟರ್. ಎರಡನೆಯ ದಿನ ಆದಮ್ ಪಟ್ಟಣವನ್ನು ಹಾದು ಹೈಮಾ, ಸುಮಾರು 380. ಮೂರನೆಯ ದಿನ ಥುಮ್ರೈತ್ ದಾಟಿ ಸಲಾಲ, ಸುಮಾರು 460.

ಈ ಅಂಕಿಗಳನ್ನು ನಮ್ಮ ರಸ್ತೆಯ ಅಳತೆಗೋಲಿನಿಂದ ನೋಡಬಾರದು. ಮಂಜೇಶ್ವರದಿಂದ ಕಾಸರಗೋಡಿಗೆ ಬರುವ ಸುಮಾರು 30 ಕಿಲೋಮೀಟರಿನಲ್ಲಿ ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್ ಎಂದು ಎಷ್ಟು ಪೇಟೆಗಳು! ಟಯರ್ ಪಂಕ್ಚರ್ ಆದರೆ ಬೈಕನ್ನು ತಳ್ಳಿಕೊಂಡೇ ಅಂಗಡಿ ಸೇರಬಹುದು. ಆದಮ್ ದಾಟಿದ ಬಳಿಕ ಆ ಭರವಸೆ ಇಲ್ಲ. ಕಣ್ಣಿಗೆ ಹಿಡಿಯುವ ಗುರುತುಗಳಿಲ್ಲದ ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಸಾಗಬೇಕು. ಇಂತಹ ರಸ್ತೆಯಲ್ಲಿ ವೇಗಕ್ಕಿಂತ ಹೆಚ್ಚು ಅಪಾಯಕಾರಿಯಾದುದು ತೂಕಡಿಕೆ. ಆದ್ದರಿಂದ ಪ್ರತಿ ಒಂದು ಗಂಟೆಗೊಮ್ಮೆ ಕಡ್ಡಾಯವಾಗಿ ಇಳಿದು ನಡೆದಾಡಬೇಕು, ಸೂರ್ಯಾಸ್ತದ ಬಳಿಕ ಬೈಕ್ ಓಡಿಸಕೂಡದು ಎಂದು ಬರೆದುಕೊಂಡಿದ್ದೇವೆ. ಎರಡನೆಯ ನಿಯಮಕ್ಕೆ ಒಂಟೆಯೂ ಕಾರಣ. ಅಲ್ಲಿನ ಒಂಟೆಗಳಿಗೆ ಒಡೆಯರಿದ್ದರೂ ಅವು ಬಯಲಿನಲ್ಲಿ ಸ್ವಚ್ಛಂದವಾಗಿ ಮೇಯುತ್ತವೆ. ರಾತ್ರಿ ರಸ್ತೆಗೆ ಬಂದರೆ ಮಣ್ಣಿನ ಬಣ್ಣದ ಆ ದೇಹ ದೀಪದ ಬೆಳಕಿಗೆ ತಡವಾಗಿ ಗೋಚರಿಸುತ್ತದೆ. ಅದರ ಕಾಲುಗಳು ಉದ್ದವಾದ್ದರಿಂದ ಡಿಕ್ಕಿಯಾದರೆ ಭಾರವೆಲ್ಲ ಸವಾರನ ಎದೆಯ ಮಟ್ಟಕ್ಕೆ ಬೀಳುತ್ತದೆ.

ಇನ್ನೊಂದು ವ್ಯತ್ಯಾಸ: ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ನೇರ ರಸ್ತೆಯಲ್ಲಿ ಇದು ಬೇಗ ಅಭ್ಯಾಸವಾಗುತ್ತದೆ. ಕೈ ತಪ್ಪುವುದು ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಮತ್ತು ವೃತ್ತಗಳಲ್ಲಿ. ಆದ್ದರಿಂದ ಮೊದಲ ದಿನವನ್ನು ಬೇಕೆಂದೇ ಚಿಕ್ಕದಾಗಿ ಇರಿಸಿದ್ದೇವೆ.

ಕಾಲದ ಆಯ್ಕೆ

ಮರುಭೂಮಿಯಲ್ಲಿ ಋತುವಿನ ಆಯ್ಕೆ ಅರ್ಧ ಯೋಜನೆ. 2018ರ ಜೂನ್ 26ರಂದು ಒಮಾನಿನ ಕರಾವಳಿಯ ಕುರಿಯಾತ್ ಎಂಬ ಊರಿನಲ್ಲಿ ತಾಪಮಾನ ಇಡೀ ದಿನದಲ್ಲಿ 42.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ. ಗಮನಿಸಬೇಕಾದುದೆಂದರೆ, ಇದು ಹಗಲಿನ ಗರಿಷ್ಠವಲ್ಲ, ರಾತ್ರಿಯ ಕನಿಷ್ಠ. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ತೆರೆದ ಬಯಲಿನಲ್ಲಿ ಕಾರ್ಮಿಕರಿಂದ ಕೆಲಸ ಮಾಡಿಸುವುದನ್ನು ಆ ದೇಶದ ಕಾರ್ಮಿಕ ನಿಯಮ ನಿಷೇಧಿಸಿದೆ. ದುಡಿಮೆಗೇ ಕಾನೂನು ಬಿಡುವು ಕೊಡುವ ಹೊತ್ತಿನಲ್ಲಿ ವಿಹಾರಕ್ಕೆ ಹೊರಡುವುದು ವಿವೇಕವಲ್ಲ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಆಗ ಹಗಲು ಹಿತಕರ; ಒಳನಾಡಿನ ರಾತ್ರಿಗಳಂತೂ ನಮ್ಮ ಊರಿನವರಿಗೆ ನಡುಕ ಹುಟ್ಟಿಸುವಷ್ಟು ತಣ್ಣಗಿರುತ್ತವೆ.

ಬಯಲಿನ ಬಿಸಿಲು ಹೀಗಿದ್ದರೂ ದಕ್ಷಿಣದ ತುದಿಯಲ್ಲಿ ಒಂದು ವಿಚಿತ್ರವಿದೆ. ನಮ್ಮಲ್ಲಿ ಆಟಿಯ ಮಳೆ ಸುರಿಸುವ ನೈಋತ್ಯ ಮಾರುತವೇ ಸಲಾಲದ ಹಿಂದಿನ ಧೋಫಾರ್ ಬೆಟ್ಟಗಳನ್ನೂ ತಲಪುತ್ತದೆ. ಜೂನ್ ಅಂತ್ಯದಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಮಂಜು, ತುಂತುರು, ಹಸಿರು. ಸ್ಥಳೀಯರು ಇದನ್ನು 'ಖರೀಫ್' ಎನ್ನುತ್ತಾರೆ. ಬೆಟ್ಟದ ಆಚೆ ಬದಿಯ ಥುಮ್ರೈತ್ ಮಾತ್ರ ಒಣಗಿಯೇ ಇರುತ್ತದೆ. ಈ ಹಸಿರನ್ನು ನೋಡಲು ಹುಡುಗ ಆಸೆಪಟ್ಟನಾದರೂ, ಖರೀಫ್ ಸೇರಲು ಸಾವಿರ ಕಿಲೋಮೀಟರಿನ ಬೇಸಿಗೆಯನ್ನು ದಾಟಬೇಕು. ಕೊನೆಯ 80 ಕಿಲೋಮೀಟರಿನಲ್ಲಿ ಮಂಜು ಮುಸುಕಿದ, ಜಾರುವ ಘಟ್ಟವನ್ನು ಇಳಿಯಬೇಕು. ಹಾಗಾಗಿ ಅದನ್ನು ಕೈಬಿಟ್ಟೆವು. ಮೇ, ಜೂನ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಭಯವೂ ಇದೆ: 2007ರ ಗೋನು, 2018ರ ಮೆಕುನು, 2021ರ ಶಾಹೀನ್ ಈ ನಾಡಿನ ಮೇಲೆಯೇ ಬಂದವು. ಮಳೆ ಬಂದಾಗ ಒಣಗಿದ 'ವಾದಿ'ಗಳು, ಎಂದರೆ ತೊರೆಪಾತ್ರಗಳು, ಕ್ಷಣಾರ್ಧದಲ್ಲಿ ತುಂಬಿ ಹರಿಯುತ್ತವೆ. ಹರಿಯುವ ವಾದಿಯನ್ನು ವಾಹನದಲ್ಲಿ ದಾಟುವುದು ಅಲ್ಲಿ ಶಿಕ್ಷಾರ್ಹ ಅಪರಾಧ.

ಹಿಂದಿನವರೂ ಈ ಲೆಕ್ಕವನ್ನು ಬಲ್ಲವರಾಗಿದ್ದರು. ರುಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿಯನ್ನು ದಾಟಿದ ಮೊದಲ ಐರೋಪ್ಯ ಬರ್ಟ್ರಮ್ ಥಾಮಸ್ 1930ರ ಡಿಸೆಂಬರಿನಲ್ಲಿ ಸಲಾಲದಿಂದ ಹೊರಟು 1931ರ ಫೆಬ್ರವರಿಯಲ್ಲಿ ದೋಹಾ ತಲಪಿದನು. ಅವನು ಆರಿಸಿಕೊಂಡದ್ದು ಚಳಿಗಾಲವನ್ನು. ನಂಬಿದ್ದು ಬಾವಿಗಳ ನೆಲೆಯನ್ನು ಬಲ್ಲ ಸ್ಥಳೀಯ ಬುಡಕಟ್ಟಿನವರನ್ನು. ಆ ಮರಳಿನ ನಡುವೆ ಒಮಾನ್ ಮತ್ತು ಸೌದಿ ಅರೇಬಿಯಗಳನ್ನು ನೇರವಾಗಿ ಜೋಡಿಸುವ ರಸ್ತೆ 2021ರ ಡಿಸೆಂಬರಿನಲ್ಲಿ ತೆರೆಯಿತು. ಅತ್ತ ಹೋಗಬೇಕೆಂಬ ಹುಡುಗನ ಎರಡನೆಯ ಆಸೆಯನ್ನೂ ಈ ಬಾರಿ ಒಪ್ಪಲಿಲ್ಲ. ಇನ್ನೊಂದು ಗಡಿ ಎಂದರೆ ಇನ್ನೊಂದು ವೀಸಾ, ಇನ್ನೊಂದು ವಿಮೆ, ಇನ್ನೊಂದು ಕಾನೂನು.

ನೀರು ಮತ್ತು ಪೆಟ್ರೋಲ್

ನಮ್ಮ ಕರಾವಳಿಯಲ್ಲಿ ಸೆಕೆಯಾದರೆ ಅಂಗಿ ಒದ್ದೆಯಾಗುತ್ತದೆ. ದೇಹ ನೀರು ಕಳೆದುಕೊಳ್ಳುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದಲ್ಲಿಯೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುವುದರಿಂದ ಬೆವರಲಿಲ್ಲವೆಂದು ನಾವು ಭ್ರಮಿಸುತ್ತೇವೆ. ಕರಾವಳಿಯವರು ಅಲ್ಲಿ ಬಳಲುವುದಕ್ಕೆ ಇದು ಮುಖ್ಯ ಕಾರಣ. ಗಾಳಿಯ ಬಿಸಿ ಚರ್ಮದ ಬಿಸಿಯನ್ನು, ಅಂದರೆ ಸುಮಾರು 35 ಡಿಗ್ರಿಯನ್ನು ಮೀರಿದರೆ, ಓಡುವ ಬೈಕಿನಲ್ಲಿ ಬೀಸುವ ಗಾಳಿ ತಾನೇ ದೇಹಕ್ಕೆ ಶಾಖ ತುಂಬುತ್ತದೆ. ಆಗ ಜಾಕೆಟ್ ತೆರೆದು ಎದೆಗೆ ಗಾಳಿ ಕೊಡುವುದು ಅಪಾಯಕರ; ಒಳಗೆ ಒದ್ದೆ ಬಟ್ಟೆ ತೊಟ್ಟು ಮೇಲಿನ ಜಾಕೆಟನ್ನು ಮುಚ್ಚಿಕೊಳ್ಳುವುದೇ ಕ್ರಮ. ಚಳಿಗಾಲವಾದರೂ ತಲೆಗೊಬ್ಬರಿಗೆ ದಿನಕ್ಕೆ ಆರು ಲೀಟರ್ ಕುಡಿಯುವ ನೀರನ್ನು ಒಯ್ಯಲು ತೀರ್ಮಾನಿಸಿದ್ದೇವೆ. ಜೊತೆಗೆ ಓಆರ್‌ಎಸ್ ಪೊಟ್ಟಣಗಳು. ತಲೆನೋವು, ಮಾತಿನಲ್ಲಿ ತಡವರಿಕೆ, ಬಾಯಾರಿಕೆಯೇ ಇಲ್ಲದಿರುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನದ ಸವಾರಿ ಅಲ್ಲಿಗೇ ಮುಗಿಯಬೇಕು.

ನೀರಿನ ವಿಷಯದಲ್ಲಿ ನಮ್ಮ ಮಕ್ಕಳಿಗೆ ಹೇಳಬೇಕಾದ ಸಂಗತಿಯೊಂದಿದೆ. ನಮ್ಮ ಗುಡ್ಡಗಳ ಮುರಕಲ್ಲಿನಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳಿಂದ ತೋಟಕ್ಕೆ ನೀರು ತರುವುದನ್ನು ಅವರು ಕಂಡಿದ್ದಾರೆ. ಒಮಾನಿನಲ್ಲಿಯೂ ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಕಾಲುವೆಗಳಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ಹರಿಸುವ 'ಫಲಜ್' ಪದ್ಧತಿಯಿದೆ. ಇಂತಹ ಸುಮಾರು 3,000 ವ್ಯವಸ್ಥೆಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ಫಲಜ್ ದಾರಿಸ್ ಅವುಗಳಲ್ಲಿ ಒಂದು. ಹರಿಯುವ ನೀರನ್ನು ಗಂಟೆಗಳ ಲೆಕ್ಕದಲ್ಲಿ ಪಾಲು ಮಾಡಿ ಹಂಚುವ ರೂಢಿ ಅಲ್ಲಿಯದು. ಆ ಊರಿನಲ್ಲಿ ಅರ್ಧ ದಿನ ತಂಗಲು ಇದೇ ಕಾರಣ.

ಪೆಟ್ರೋಲಿನ ಲೆಕ್ಕವೂ ಸರಳ. ಟ್ಯಾಂಕ್ 17 ಲೀಟರಿನದು, ಮೈಲೇಜ್ 30 ಕಿಲೋಮೀಟರ್ ಎಂದಾದರೆ 510 ಕಿಲೋಮೀಟರ್ ಸಾಗಬಹುದೆಂದು ಹುಡುಗ ಲೆಕ್ಕ ಹಾಕಿದ. ಎದುರುಗಾಳಿ, ಸಾಮಾನಿನ ಭಾರ, ಹೆದ್ದಾರಿಯ ವೇಗ ಸೇರಿದಾಗ ಮೈಲೇಜ್ 22ಕ್ಕೆ ಇಳಿಯಿತೆಂದು ಭಾವಿಸೋಣ: 374 ಕಿಲೋಮೀಟರ್. ಅದರಲ್ಲಿ ಕಾಲು ಭಾಗವನ್ನು ಮುಟ್ಟಬಾರದೆಂದು ಕಳೆದರೆ ಉಳಿಯುವುದು 280. ಯೋಜನೆಗೆ ಹಿಡಿಯಬೇಕಾದ ಅಂಕಿ ಇದೇ. ಹೈಮಾ ಮತ್ತು ಥುಮ್ರೈತ್‌ಗಳ ನಡುವೆ ಗಫ್ತೈನ್, ಕಿತ್ಬಿತ್ ಮುಂತಾದ ತಂಗುದಾಣಗಳಿವೆ. ಆದರೂ ಮುಂದಿನ ಬಂಕ್ ಮುಚ್ಚಿದೆ ಎಂದು ಭಾವಿಸಿಕೊಂಡೇ ಪ್ರತಿ ಬಂಕಿನಲ್ಲಿ ಟ್ಯಾಂಕ್ ತುಂಬಿಸಬೇಕು.

ಮರಳುದಿಬ್ಬಗಳೊಳಗೆ ಬೈಕ್ ಇಳಿಸುವ ವಿಚಾರ ನಮ್ಮ ಪಟ್ಟಿಯಲ್ಲಿಲ್ಲ. ಅದಕ್ಕೆ ಟಯರಿನ ಗಾಳಿ ಇಳಿಸಬೇಕು, ಮತ್ತೆ ತುಂಬಲು ಪಂಪ್ ಬೇಕು, ಎಳೆದು ತೆಗೆಯಲು ಇನ್ನೊಂದು ವಾಹನ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ತರಬೇತಿ ಬೇಕು. ಶರ್ಕಿಯಾ ಮರಳುಗಾಡನ್ನು ನೋಡಬಯಸಿದರೆ ಬೈಕನ್ನು ಊರಿನಲ್ಲಿ ನಿಲ್ಲಿಸಿ ಸ್ಥಳೀಯರ ಜೀಪಿನಲ್ಲಿ ಹೋಗುವುದು ಲೇಸು.

ಕಾಗದಪತ್ರಗಳು

ಇನ್ನು ನನ್ನ ವೃತ್ತಿಗೆ ಸೇರಿದ ಭಾಗ. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು 1949ರ ಜಿನೀವಾ ಒಪ್ಪಂದದ ಅನ್ವಯ ನಮ್ಮ ಆರ್‌ಟಿಓ ಕಚೇರಿಯೇ ಕೊಡುತ್ತದೆ. ಶುಲ್ಕ 1,000 ರೂಪಾಯಿ; ಅವಧಿ ಹೆಚ್ಚೆಂದರೆ ಒಂದು ವರ್ಷ. ಇದು ಮೂಲ ಲೈಸೆನ್ಸಿಗೆ ಬದಲಿಯಲ್ಲ, ಅದರ ಜೊತೆಗಾರ, ಎರಡನ್ನೂ ಒಯ್ಯಬೇಕು. ಮೂಲ ಲೈಸೆನ್ಸಿನಲ್ಲಿ ಗೇರ್ ಇರುವ ಮೋಟಾರ್ ಸೈಕಲ್ ನಮೂದಾಗಿರದೆ ಕಾರು ಮಾತ್ರ ಇದ್ದರೆ, ಈ ಪರವಾನಗಿಯಲ್ಲಿಯೂ ಬೈಕಿನ ವಿಭಾಗ ಇರುವುದಿಲ್ಲ. ಅಲ್ಲಿಯೇ ನೆಲೆಸಿ ದುಡಿಯುವವರಿಗಂತೂ ಈ ಪರವಾನಗಿ ಸಾಲದು. ಆ ದೇಶದ ಲೈಸೆನ್ಸ್ ಬೇಕು, ಅದರಲ್ಲಿ ಮೋಟಾರ್ ಸೈಕಲ್‌ಗೆ ಪ್ರತ್ಯೇಕ ಅನುಮತಿ ಇರಬೇಕು.

ಇದು ಸಣ್ಣ ವಿಷಯವಲ್ಲ. ಕೆಲವು ವರ್ಷಗಳ ಹಿಂದೆ ತಂದೆಯೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಕೊಲ್ಲಿಯಲ್ಲಿದ್ದ ಅವರ ಮಗನಿಗೆ ಕಾರಿನ ಲೈಸೆನ್ಸ್ ಇತ್ತು. ರಜೆಯ ದಿನ ಗೆಳೆಯನ ಬೈಕ್ ಪಡೆದು ಹೊರಟವನು ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದನು. ವಿಮಾ ಕಂಪೆನಿ ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಆ ಹುಡುಗನಿಂದಲೇ ವಸೂಲು ಮಾಡಲು ಹೊರಟಿತು. ಮೊಕದ್ದಮೆ ತೀರುವವರೆಗೆ ದೇಶ ಬಿಡುವಂತಿಲ್ಲವೆಂಬ ಆದೇಶವೂ ಆಯಿತು. ತಂಗಿಯ ಮದುವೆಗೆ ಅವನು ಬರಲಿಲ್ಲ. ಆ ತಂದೆ ನನ್ನ ಮೇಜಿನ ಮೇಲೆ ಇಟ್ಟ ಕಾಗದಗಳೆಲ್ಲ ಅಪಘಾತದ ನಂತರದವು. ಅದಕ್ಕಿಂತ ಮುಂಚಿನ ಒಂದೇ ಒಂದು ಕಾಗದ ಸರಿಯಿದ್ದಿದ್ದರೆ ಉಳಿದವುಗಳಲ್ಲಿ ಹೆಚ್ಚಿನವು ಹುಟ್ಟುತ್ತಲೇ ಇರಲಿಲ್ಲ.

ಎರಡನೆಯದು ಹೆಸರು. ನಮ್ಮಲ್ಲಿ ಊರಿನ, ಮನೆತನದ, ತಂದೆಯ ಹೆಸರುಗಳು ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಹೆಸರಿನ ಮುಂದೆಯೋ ಹಿಂದೆಯೋ ನಿಲ್ಲುತ್ತವೆ. ಶಾಲೆಯ ದಾಖಲೆಯಲ್ಲಿ ಅದು ಒಂದು ಬಗೆ, ಲೈಸೆನ್ಸಿನಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿದ ಮತ್ತೊಂದು ಬಗೆ. 'ತ'ಕಾರಕ್ಕೆ ಒಬ್ಬ ಗುಮಾಸ್ತರು 'ಎಚ್' ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಊರಿನಲ್ಲಿ ಎಲ್ಲರಿಗೂ ಅರ್ಥವಾಗುವ ಈ ವ್ಯತ್ಯಾಸ ವಿದೇಶದ ಅಧಿಕಾರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿಗರಾಗಿ ಪ್ರವೇಶವಿಲ್ಲವೆಂದು 2022ರ ನವೆಂಬರಿನಲ್ಲಿ ಯುಎಇ ಪ್ರಕಟಿಸಿದಾಗ ಅನೇಕರು ಕಂಗಾಲಾದುದು ನೆನಪಿರಬಹುದು. ಹತ್ತನೆಯ ತರಗತಿಯ ನೋಂದಣಿಯ ವೇಳೆಯಲ್ಲಿಯೇ ಮಗುವಿನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ತಾಯ್ತಂದೆಯರು ಒಂದಾಗಿ ನಿಶ್ಚಯಿಸಿ, ಎಲ್ಲೆಡೆ ಅದನ್ನೇ ಬಳಸಬೇಕು. ಬೈಕ್ ಯಾತ್ರೆ ಮಾಡದವರಿಗೂ ಇದು ಅನ್ವಯಿಸುತ್ತದೆ.

ಮೂರನೆಯದು ವಾಹನ. ನಮ್ಮದೇ ಬೈಕನ್ನು ಹಡಗಿನಲ್ಲಿ ಒಯ್ಯುವುದಾದರೆ 'ಕಾರ್ನೆ' ಎಂಬ ಸುಂಕದ ಪತ್ರ ಬೇಕು. ವಾಹನವನ್ನು ಅಲ್ಲಿ ಮಾರದೆ ಹಿಂದಕ್ಕೆ ತರುತ್ತೇವೆ, ತಪ್ಪಿದರೆ ಸುಂಕ ತೆರುತ್ತೇವೆ ಎಂಬ ಜಾಮೀನು ಅದು. ಮೋಟಾರು ವಾಹನ ಸಂಘಗಳು ಠೇವಣಿ ಅಥವಾ ಬ್ಯಾಂಕ್ ಖಾತರಿ ಪಡೆದು ನೀಡುತ್ತವೆ. ಹತ್ತು ದಿನಗಳ ಯಾತ್ರೆಗೆ ಇಷ್ಟು ಶ್ರಮ ಸಲ್ಲದು. ಬಾಡಿಗೆ ಬೈಕ್ ಸಾಕು. ಬಂಧುಗಳ ಬೈಕಾದರೆ 'ಮುಲ್ಕಿಯಾ' ಎಂಬ ನೋಂದಣಿ ಪತ್ರ, ಒಡೆಯನ ಒಪ್ಪಿಗೆ ಪತ್ರ, ಬೇರೆಯವರು ಓಡಿಸಿದರೂ ವಿಮೆ ಸಲ್ಲುತ್ತದೆಂಬ ಬರಹ ಈ ಮೂರೂ ಕೈಯಲ್ಲಿರಬೇಕು. ಪ್ರವಾಸ ವಿಮೆ ಕೊಳ್ಳುವಾಗ ಏನೇನು ಸಿಗುತ್ತದೆ ಎಂಬ ಪುಟಕ್ಕಿಂತ ಮೊದಲು ಏನೇನು ಸಿಗುವುದಿಲ್ಲ ಎಂಬ ಪುಟವನ್ನು ಓದಬೇಕು. ಮೋಟಾರ್ ಸೈಕಲ್ ಸವಾರಿಯನ್ನೇ ಹೊರಗಿಡುವ, ಇಲ್ಲವೇ ಎಂಜಿನ್ನಿನ ಗಾತ್ರಕ್ಕೆ ಮಿತಿ ಹಾಕುವ ಪಾಲಿಸಿಗಳು ಸಾಕಷ್ಟಿವೆ.

ನಾಲ್ಕನೆಯದು ಚೀಲದೊಳಗಿನ ವಸ್ತುಗಳು. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೊಲ್ಲಿ ರಾಷ್ಟ್ರಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಟ್ಟಿವೆ. ಅಡುಗೆಮನೆಯ ಗಸಗಸೆಯೂ ಅಲ್ಲಿನ ಕೆಲವು ದೇಶಗಳಲ್ಲಿ ನಿಷಿದ್ಧ. ಮರುಭೂಮಿಗೆಂದು ಉಪಗ್ರಹ ಫೋನ್ ತರಿಸಿಕೊಳ್ಳುವವರು ತಿಳಿದಿರಬೇಕು: ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಹೊಂದಿರುವುದು ನಮ್ಮ ದೇಶದಲ್ಲಿಯೇ ಕಾನೂನುಬಾಹಿರ, ವಿಮಾನ ನಿಲ್ದಾಣದಲ್ಲಿಯೇ ತಡೆಯಬಹುದು.

ಅವಘಡ ಸಂಭವಿಸಿದರೆ

ಒಮಾನಿನ ತುರ್ತು ಸಂಖ್ಯೆ 9999. ಪೊಲೀಸರು ಬಂಧಿಸಿದರೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸುವಂತೆ ಕೋರುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಕೊಡುತ್ತದೆ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಎತ್ತಿಹಿಡಿದುದು ಇದೇ ವಿಧಿಯನ್ನು. ರಾಯಭಾರ ಕಚೇರಿ ದಂಡ ಕಟ್ಟುವುದಿಲ್ಲ, ಬಿಡುಗಡೆ ಮಾಡಿಸುವುದಿಲ್ಲ. ಆದರೆ ಭೇಟಿ ಮಾಡುತ್ತದೆ, ಮನೆಗೆ ಸುದ್ದಿ ಮುಟ್ಟಿಸುತ್ತದೆ, ವಕೀಲರ ವಿವರ ನೀಡುತ್ತದೆ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು, ಭಾಷಾಂತರ ಕೇಳಬೇಕು. ಗಡಿನಾಡಿನಲ್ಲಿ ಬೆಳೆದ ನಮಗೆ ಈ ಎಚ್ಚರವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಅಕ್ಕನಿಗೆ ಕೊಟ್ಟ ಬರಹ ಕೊನೆಗೆ ಎರಡು ಪುಟಗಳಾಯಿತು. ಪ್ರತಿ ರಾತ್ರಿಯ ತಂಗುದಾಣ, ಪ್ರತಿ ಸಂಜೆ ಏಳು ಗಂಟೆಗೆ ಕಳಿಸಬೇಕಾದ ಸಂದೇಶ, ಸಂದೇಶ ಬಾರದಿದ್ದರೆ ಎಷ್ಟು ಗಂಟೆ ಕಾಯಬೇಕು, ಆಮೇಲೆ ಯಾರಿಗೆ ಕರೆ ಮಾಡಬೇಕು, ವಿಮೆಯ ಸಂಖ್ಯೆ, ಪಾಸ್‌ಪೋರ್ಟಿನ ಪ್ರತಿ, ರಕ್ತದ ಗುಂಪು. ಹೆಸರು ಮತ್ತು ದೂರವಾಣಿ ಸಂಖ್ಯೆಗಳು ಮೊಬೈಲ್‌ನಲ್ಲಿ ಮಾತ್ರವಲ್ಲದೆ ಕಾಗದದಲ್ಲಿಯೂ ಇವೆ. ಆಕೆ ಎರಡು ಬಾರಿ ಓದಿ, "ಅರ್ಧದಲ್ಲಿ ತಿರುಗಿ ಬರುವುದು ಯಾವಾಗ ಎಂದು ಬರೆದಿಲ್ಲವಲ್ಲ" ಎಂದಳು. ಆ ಮಾತಿಗೆ ಹುಡುಗನೇ ಪೆನ್ನು ಹಿಡಿದು ನಾಲ್ಕು ಸಾಲು ಸೇರಿಸಿದನು: ಮರಳುಗಾಳಿ ಎದ್ದರೆ, ಮೂವರಲ್ಲಿ ಒಬ್ಬನಿಗೆ ಜ್ವರ ಬಂದರೆ, ಒಂದು ಬೈಕ್ ಕೆಟ್ಟು ಒಂದು ದಿನದೊಳಗೆ ರಿಪೇರಿಯಾಗದಿದ್ದರೆ, ಯಾರೊಬ್ಬರಿಗೆ ಮನಸ್ಸಿಲ್ಲದಿದ್ದರೆ, ವಾದವಿಲ್ಲದೆ ಹಿಂದಿರುಗುವುದು.

ನಿಮ್ಮ ಮನೆಯ ತರುಣನೋ ತರುಣಿಯೋ ಇಂತಹ ಆಸೆಯನ್ನು ಮುಂದಿಟ್ಟರೆ ಮೊದಲು ಈ ಎರಡು ಪುಟಗಳನ್ನು ಬರೆಯಲು ಹೇಳಿ. ಬರೆಯಲು ಬೇಸರಪಟ್ಟರೆ ಹೋಗುವುದು ಬೇಡ. ಶ್ರದ್ಧೆಯಿಂದ ಬರೆದು ತಂದರೆ ಜೊತೆಯಲ್ಲಿ ಕುಳಿತು ಓದಿ, ನಿಮ್ಮ ಪ್ರಶ್ನೆಗಳನ್ನು ಕೇಳಿ, ಆಮೇಲೆ ತೀರ್ಮಾನಿಸಿ.